ಹರಕತ್ ಇದೆ

(ಮಹಿಳಾ ವೇದಿಕೆಯ ಪರಿಸರ ದಿನದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ನನಗೆ ಮೊದಲು ಕೊಟ್ಟಿದ್ದ ವಿಷಯ 'ಕೃತಕ ಬುದ್ಧಿಮತ್ತೆ ಮತ್ತು ಮನೆಗೆಲಸ'. ಐಟಿಯಲ್ಲಿ ಇರುವವಳು, ಎಂ.ಟೆಕ್ ಮಾಡಿದವಳು, ಇವಳು ಅದನ್ನೇ ಮಾತಾಡಲಿ ಅಂತ ಅಕ್ಕನವರ ಲೆಕ್ಕ. ನಾನೇ ಫೋನ್ ಮಾಡಿ, ಜೂನ್ ತಿಂಗಳು, ಮರದ ಬಗ್ಗೆ ಮಾತಾಡ್ತೀನಿ ಅಂದೆ. 'ಗಿಡ ನೆಡೋದರ ಬಗ್ಗೆಯಾ?' ಅಂತ ಕೇಳಿದರು. ಅಲ್ಲ, ಕಡಿಯೋದರ ಬಗ್ಗೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹರಕತ್ ನಾಹೀ, ಬಾ' ಅಂದರು.

ಈ 'ಹರಕತ್ ನಾಹೀ' ಪುಣೆಗೆ ಬಂದ ನಾವೆಲ್ಲ ಮೊದಲ ತಿಂಗಳಲ್ಲೇ ಕಲಿಯುವ ಮಾತು. ಧಾರವಾಡದ ಕಡೆ ನಾವೂ 'ಹರಕತ್ತಿಲ್ಲ' ಅಂತೀವಿ. ಅಡ್ಡಿಯಿಲ್ಲ, ನಡೀತದ, ಪರವಾಗಿಲ್ಲ ಅಂತ ಅರ್ಥ. ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕಿದರೆ ಹರಕತ್ ನಾಹೀ. ಕೆಲಸದ ಬಾಯಿ ಹೇಳದೆ ರಜೆ ಹಾಕಿದರೆ ಹರಕತ್ ನಾಹೀ. ಅದೇ ಹರಕತ್ ಅನ್ನೋ ಪದಕ್ಕೆ ಮರಾಠಿ ಸರಕಾರಿ ಕಾಗದದಲ್ಲಿ ಇನ್ನೊಂದು ಅರ್ಥ ಇದೆ. ಆಕ್ಷೇಪಣೆ. ಮರಕ್ಕೆ ಅಂಟಿಸಿದ ನೋಟಿಸಿನಲ್ಲಿ ಆ ಪದ ಇರುತ್ತದೆ. ನಿಮ್ಮ ಹರಕತ್ ಏನಾದರೂ ಇದ್ದರೆ ಇಷ್ಟು ದಿನದ ಒಳಗೆ ತಿಳಿಸಿ ಅಂತ. ನನ್ನ ಕಥೆ ಆ ಕಾಗದದ್ದು.

2022ರಲ್ಲಿ ನಾನು ಒಂದು ಮರ ಕಡಿಸಿದೆ. ಈ ಮಾತನ್ನು ನಮ್ಮ ಮನೆಯಲ್ಲಿ ಬಿಟ್ಟು ಬೇರೆ ಎಲ್ಲೂ ಹೇಳಿರಲಿಲ್ಲ. ನಮ್ಮ ಸೊಸೈಟಿಯವರು ಇಬ್ಬರು ಮೂವರು ಇಲ್ಲಿ ಕೂತಿದ್ದಾರೆ, ಅವರಿಗೆ ಗೊತ್ತು. ಗೊತ್ತಿಲ್ಲದ ಒಂದೆರಡು ಸಂಗತಿ ಅವರಿಗೂ ಇವತ್ತು ಗೊತ್ತಾಗಲಿ.

ನಮ್ಮ ಸೊಸೈಟಿಯ ಗೇಟಿನ ಒಳಗೆ ಬಲಗಡೆ ಒಂದು ದೊಡ್ಡ ಹೊಂಗೆ ಮರ ಇತ್ತು. ನಮ್ಮ ಕಡೆ ಅದಕ್ಕೆ ಹುಲಗಲಿ ಅಂತೀವಿ, ಇಲ್ಲಿಯವರು ಕರಂಜ್ ಅಂತಾರೆ. ಯುಗಾದಿ ಹೊತ್ತಿಗೆ ಹಳೆ ಎಲೆ ಉದುರಿ ಎಳೆ ಹಸಿರು ಚಿಗುರು ಬರುತ್ತಿತ್ತು, ಅದು ಎಣ್ಣೆ ಹಚ್ಚಿದ ಹಾಗೆ ಹೊಳೆಯೋದು. ಆಮೇಲೆ ಬಿಳಿ-ನೇರಳೆ ಬಣ್ಣದ ಸಣ್ಣ ಹೂವು, ನೆಲದ ತುಂಬ. ನಮ್ಮ ಅತ್ತೆ ಧಾರವಾಡದಿಂದ ಬಂದಾಗ ಸಂಜೆ ಐದಕ್ಕೆ ಅದರ ಬುಡದ ಕಟ್ಟೆಗೆ ಹೋಗಿ ಕೂಡೋರು. ಫ್ಲಾಟಿನಲ್ಲಿ ಅವರಿಗೆ ಹೊತ್ತು ಹೋಗೋದಿಲ್ಲ. ಕಟ್ಟೆ ಮೇಲೆ ಕೂತರೆ ಮರಾಠಿ ಬರದಿದ್ದರೂ ನಾಲ್ಕು ಜನ ಗೆಳತಿಯರು. ಮರದ ಇನ್ನೊಂದು ಬದಿಗೆ, ಕಾಂಪೌಂಡಿನ ಆಚೆ, ಇಸ್ತ್ರಿ ಕಾಕಾ ಅವರ ಬಂಡಿ. ಮರ ಒಳಗಿನದು, ನೆರಳು ಹೊರಗಿನದು. ಮಧ್ಯಾಹ್ನದ ಬಿಸಿಲಲ್ಲಿ ಇದ್ದಿಲ ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುವವರಿಗೆ ಆ ನೆರಳು ಎಂಥದ್ದು ಅಂತ ಎಸಿ ಆಫೀಸಿನಲ್ಲಿ ಕೂತ ನನಗೆ ಆಗ ತಿಳಿದಿರಲಿಲ್ಲ.

ಆ ವರ್ಷ ಎಲ್ಲರೂ ಎರಡನೇ ಕಾರು ತಗೊಂಡರು. ನಾವೂ ತಗೊಂಡೆವು, ಸುಳ್ಳು ಹೇಳೋದಿಲ್ಲ. ಪಾರ್ಕಿಂಗಿಗೆ ಜಗಳ ಶುರುವಾಯಿತು. ಕಮಿಟಿ ಸಭೆಯಲ್ಲಿ ನಕ್ಷೆ ಹರಡಿ ನೋಡಿದರೆ, ಕಟ್ಟೆ ಒಡೆದು ಮರ ತೆಗೆದರೆ ನಾಲ್ಕು ಕಾರಿಗೆ ಜಾಗ. ನಾನು ಆಗ ಕಮಿಟಿಯಲ್ಲಿದ್ದೆ. 'ಮ್ಯಾಡಮ್, ಅರ್ಜಿ ಆನ್‌ಲೈನ್ ಇದೆ, ನೀವು ಕಂಪ್ಯೂಟರಿನವರು, ನೀವೇ ತುಂಬಿಬಿಡಿ' ಅಂದರು. ಹರಕತ್ ನಾಹೀ ಅಂದೆ.

ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಇತ್ತು. ಪಾರ್ಕಿಂಗ್ ಅಂತ ಬರೆದರೆ ಆಗೋದಿಲ್ಲ ಅಂತ ಯಾರೋ ಹೇಳಿದರು. ಹಾಗಾಗಿ ನಾನು 'ಅಪಾಯಕಾರಿ, ಕಟ್ಟಡದ ಕಡೆ ವಾಲಿದೆ' ಅಂತ ಬರೆದೆ. ವಾಲಿದ್ದು ನಿಜ, ಹತ್ತು ವರ್ಷದಿಂದ ಅಷ್ಟೇ ವಾಲಿತ್ತು. ಮರದ ವಯಸ್ಸು ಕೇಳಿತ್ತು. ಇಲ್ಲಿ ನನ್ನ ಇಂಜಿನಿಯರ್ ಬುದ್ಧಿ ಓಡಿತು. ನಿಯಮ ಓದಿದ್ದೆ, ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು ಅಂತ ಹೊಸದಾಗಿ ಬಂದಿತ್ತು. ಇನ್‌ಪುಟ್ ಕಡಿಮೆ ಇದ್ದರೆ ಔಟ್‌ಪುಟ್ ಕಡಿಮೆ. ಹದಿನೈದು ವರ್ಷ ಅಂತ ಹಾಕಿದೆ. ಬಿಲ್ಡಿಂಗಿಗೇ ಆಗ ಹದಿನೆಂಟು ಆಗಿತ್ತು.

ಯಾರೋ ಬಂದು ಅಳತೆ ತೆಗೆದುಕೊಂಡು, ಫೋಟೋ ಹಿಡಿದುಕೊಂಡು ಹೋದರು. ಕೆಲವು ದಿನ ಬಿಟ್ಟು ಕಾಂಡಕ್ಕೆ ಒಂದು ಕಾಗದ ಬಂತು. ಪ್ಲಾಸ್ಟಿಕ್ ಕವರಿನೊಳಗೆ, ಸುತ್ತ ಹಗ್ಗ. ಎಲ್ಲರೂ ಅದರ ಮುಂದೆ ದಿನಾ ಓಡಾಡಿದರು. ನಿಂತು ಓದಲು ಹೋದವರು ಇಬ್ಬರೇ. ಒಬ್ಬರು ನಮ್ಮ ಅತ್ತೆ, ಅವರಿಗೆ ಮರಾಠಿ ಅಕ್ಷರ ಬರೋದಿಲ್ಲ. ಇನ್ನೊಬ್ಬರು ಇಸ್ತ್ರಿ ಕಾಕಾ, ಅವರಿಗೆ ಯಾವ ಅಕ್ಷರವೂ ಅಷ್ಟಕ್ಕಷ್ಟೆ. ಬಟ್ಟೆ ಕೊಡಲು ಹೋದಾಗ ನನ್ನನ್ನು ಕೇಳಿದರು, 'ತಾಈ, ಅದರ ಮೇಲೆ ಏನು ಬರೆದಿದ್ದಾರೆ?' ಮರಾಠಿಯ ತಾಈ ಅಂದರೆ ಅಕ್ಕ, ನಮ್ಮ ತಾಯಿ ಅಲ್ಲ. ಆದರೆ ನಮ್ಮ ಕಿವಿಗೆ ಆ ಪದ ಹಾಗೆಯೇ ಬೀಳುತ್ತದಲ್ಲ. ನಾನು 'ಏನೋ ಸರ್ವೆ ಕಾಕಾ' ಅಂದೆ.

ಅವರು ತಲೆ ಆಡಿಸಿ, ಅಂಗಿ ಮಡಚುತ್ತಲೇ ಹೇಳಿದರು. ಈ ಜಾಗವೆಲ್ಲ ಜೋಳದ ಹೊಲ ಇದ್ದಾಗ ಇಲ್ಲಿ ಬಾವಿ ಇತ್ತಂತೆ. ಅವರ ಅಪ್ಪ ಮಧ್ಯಾಹ್ನ ಎತ್ತು ಬಿಚ್ಚಿ ಇದೇ ಮರಕ್ಕೆ ಕಟ್ಟುತ್ತಿದ್ದರಂತೆ. ಕಾಕಾ ಅವರಿಗೆ ಅರವತ್ತು ದಾಟಿದೆ. ಅವರು ಚಿಕ್ಕವರಿದ್ದಾಗಲೇ ಎತ್ತು ಕಟ್ಟುವಷ್ಟು ಮರ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಐವತ್ತು ದಾಟಿರಬೇಕು.

ಐವತ್ತು ಯಾಕೆ ಮುಖ್ಯ ಅಂತ ಈಗ ಹೇಳ್ತೀನಿ. ಕಾನೂನಿನ ಭಾಗ ಸ್ವಲ್ಪ ಇದೆ, ಬೇಸರ ಮಾಡ್ಕೋಬೇಡಿ.

ಮಹಾರಾಷ್ಟ್ರದ ನಗರಗಳಲ್ಲಿ ಮರಗಳ ರಕ್ಷಣೆಗೆ 1975ರಿಂದ ಒಂದು ಪ್ರತ್ಯೇಕ ಕಾನೂನೇ ಇದೆ. ಪುಣೆ, ಪಿಂಪ್ರಿ-ಚಿಂಚವಡ, ಮುಂಬಯಿ, ಠಾಣೆ ಎಲ್ಲಕ್ಕೂ ಅದೇ. ಅದರ ಪ್ರಕಾರ ಪ್ರತಿ ನಗರಕ್ಕೂ ಒಂದು ವೃಕ್ಷ ಪ್ರಾಧಿಕರಣ, ಪಾಲಿಕೆಗಳಲ್ಲಿ ಆಯುಕ್ತರೇ ಅದರ ಅಧ್ಯಕ್ಷರು, ಕೆಳಗೆ ವೃಕ್ಷ ಅಧಿಕಾರಿ. ಮರ ನಿಮ್ಮ ಸ್ವಂತ ಅಂಗಳದ್ದೇ ಆದರೂ, ನಿಮ್ಮ ಅಜ್ಜ ನೆಟ್ಟದ್ದೇ ಆದರೂ, ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾನೂನಿನಲ್ಲಿ 'ಕಡಿಯುವುದು' ಅಂದರೆ ಕೊಡಲಿ ಹಾಕುವುದು ಮಾತ್ರ ಅಲ್ಲ. ಸುಡುವುದು, ಯಾವುದೇ ರೀತಿ ಹಾನಿ ಮಾಡುವುದು ಎಲ್ಲ ಅದರಲ್ಲೇ ಬರುತ್ತದೆ. ಬುಡಕ್ಕೆ ಆಸಿಡ್ ಹಾಕಿ ಒಣಗಿಸಿ 'ಸತ್ತ ಮರ' ಅಂತ ಅರ್ಜಿ ಹಾಕುವವರಿಗೂ ಅದು ಅನ್ವಯಿಸುತ್ತದೆ, ಹಿಡಿದುಕೊಟ್ಟರೆ.

ಅರ್ಜಿ ಬಂದ ಮೇಲೆ ಅಧಿಕಾರಿ ಬಂದು ಮರ ನೋಡಬೇಕು. ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಮರದ ಮೇಲೂ ಎದ್ದು ಕಾಣುವ ಹಾಗೆ ನೋಟಿಸು ಅಂಟಿಸಬೇಕು. ಸಾಮಾನ್ಯವಾಗಿ ಆಕ್ಷೇಪಣೆಗೆ ಏಳು ದಿನ. ಯಾರು ಬೇಕಾದರೂ ಹಾಕಬಹುದು. ಆ ಸೊಸೈಟಿಯವರೇ ಆಗಿರಬೇಕಿಲ್ಲ, ಆಸ್ತಿ ಇರಬೇಕಿಲ್ಲ, ಮರಾಠಿ ಮಾತೃಭಾಷೆ ಇರಬೇಕಿಲ್ಲ. ಅನುಮತಿ ಕೊಟ್ಟ ಮೇಲೂ ಹದಿನೈದು ದಿನ ಮರ ಮುಟ್ಟುವಂತಿಲ್ಲ. ಮೇಲ್ಮನವಿಗೆ ಅವಕಾಶ ಇರಲಿ ಅಂತ ಆ ಬಿಡುವು.

2021ರಲ್ಲಿ ಈ ಕಾನೂನಿಗೆ ದೊಡ್ಡ ತಿದ್ದುಪಡಿ ಬಂತು. ಐವತ್ತು ವರ್ಷ ಅಥವಾ ಹೆಚ್ಚು ವಯಸ್ಸಿನ ಮರ 'ಪಾರಂಪರಿಕ ವೃಕ್ಷ', ಅಂದರೆ ಹೆರಿಟೇಜ್ ಮರ. ಅದಕ್ಕೆ ವಿಶೇಷ ರಕ್ಷಣೆ. ಒಂದು ಮರ ಕಡಿದರೆ ಅದರ ವಯಸ್ಸಿನಷ್ಟೇ ಸಸಿಗಳು, ಕನಿಷ್ಠ ಆರು ಅಡಿ ಎತ್ತರದವು, ಜಿಯೋ-ಟ್ಯಾಗ್ ಮಾಡಿ ಏಳು ವರ್ಷ ನೋಡಿಕೊಳ್ಳಬೇಕು. ಐದು ವರ್ಷ ಮೀರಿದ 200 ಅಥವಾ ಹೆಚ್ಚು ಮರ ಕಡಿಯುವ ಪ್ರಸ್ತಾವ ಇದ್ದರೆ ಅದು ನಗರದ ಕೈಯಿಂದ ರಾಜ್ಯ ಮಟ್ಟದ ಪ್ರಾಧಿಕರಣಕ್ಕೆ ಹೋಗಬೇಕು ಅಂತ ಆಗ ಆ ತಿದ್ದುಪಡಿಯಲ್ಲಿ ಇತ್ತು.

ನಮ್ಮ ಕೆಲಸದಲ್ಲಿ ಟೆಸ್ಟಿಂಗ್ ಮಾಡುವವರು ಮೊದಲು ನೋಡೋದು ಗಡಿಯ ಸಂಖ್ಯೆಗಳನ್ನು. ಮಿತಿ 50 ಅಂತ ಇದ್ದರೆ 49 ಹಾಕಿ ನೋಡ್ತಾರೆ, 50 ಹಾಕಿ ನೋಡ್ತಾರೆ. ಮಿತಿ 200 ಅಂದರೆ 199. ಕಾನೂನು ಬರೆದವರ ಉದ್ದೇಶ ಒಳ್ಳೆಯದೇ, ನನಗೆ ಸಂಶಯ ಇಲ್ಲ. ಆದರೆ ಮರದ ಎದೆಯ ಮೇಲೆ ಹುಟ್ಟಿದ ತಾರೀಖು ಬರೆದಿರೋದಿಲ್ಲ. ವಯಸ್ಸು ಅಂದಾಜು. ಅಂದಾಜನ್ನು ಮೊದಲು ಬರೆಯುವವರು ಯಾರು? ಕಡಿಸಬೇಕು ಅಂತ ಅರ್ಜಿ ಹಾಕಿದವರು. ಅವರಲ್ಲಿ ನನ್ನಂಥವರು ಇರ್ತಾರೆ.

ಕಾಕಾ ಹೇಳಿದ್ದು ಕೇಳಿದ ಮೇಲೆ ನನಗೆ ನಾಲ್ಕು ದಿನ ಉಳಿದಿತ್ತು. ಅರ್ಜಿ ವಾಪಸು ತಗೊಳ್ಳಬಹುದಿತ್ತು. ವಯಸ್ಸು ತಪ್ಪು ಬರೆದಿದ್ದೇನೆ ಅಂತ ಒಂದು ಸಾಲು ಬರೆದು ಕೊಡಬಹುದಿತ್ತು. ಬರೆಯಲಿಲ್ಲ. ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು ಅಂತ ನನಗೆ ನಾನೇ ಹೇಳಿಕೊಂಡೆ. ರಿಲೀಸ್ ಇದ್ದದ್ದೂ ನಿಜ. ಆದರೆ ನಿಜವಾದ ಕಾರಣ, ಕಮಿಟಿಯ ಎಂಟು ಜನರ ಮುಂದೆ 'ನಾನು ಸುಳ್ಳು ಬರೆದೆ' ಅನ್ನಲು ಆಗಲಿಲ್ಲ. ಏಳು ದಿನ ಮುಗಿಯಿತು. ಒಂದೂ ಆಕ್ಷೇಪಣೆ ಬರಲಿಲ್ಲ. ಅನುಮತಿ ಬಂತು, ಆಮೇಲೆ ಒಂದು ಶನಿವಾರ ಬೆಳಿಗ್ಗೆ ಗರಗಸದ ಮಶೀನು ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದುಹೋಗಿತ್ತು. ಕಾಂಡದ ಅಡ್ಡ ಕತ್ತರಿಸಿದ ಮುಖ ನೋಡಲು ನಾನು ಕೆಳಗೆ ಇಳಿಯಲಿಲ್ಲ.

ಅತ್ತೆ ಬಾಲ್ಕನಿಯಿಂದ ಎಲ್ಲ ನೋಡಿದರು. ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದರು, 'ಇದಕ್ಕ ಸಹಿ ಯಾರು ಮಾಡಿದ್ರವಾ?' ನಾನೇ ಅತ್ತೆ ಅಂದೆ. 'ಹೂಂ' ಅಂದರು, ಅಷ್ಟೆ. ಮರುದಿನದಿಂದ ಸಂಜೆ ಕೆಳಗೆ ಹೋಗೋದು ಬಿಟ್ಟರು. ಆ ಸಲ ಎರಡು ತಿಂಗಳು ಇರಲು ಬಂದವರು ಮೂರು ವಾರಕ್ಕೆ ಊರಿಗೆ ಹೋದರು. ಮೊಣಕಾಲು ನೋವು ಅಂದರು.

ಹದಿನೈದು ಸಸಿ ನೆಡಬೇಕಿತ್ತಲ್ಲ. ಕಾಂಪೌಂಡಿನ ಗೋಡೆ ಪಕ್ಕ ಒಂದೂವರೆ ಅಡಿ ಅಗಲದ ಪಟ್ಟಿಯಲ್ಲಿ ಸಾಲಾಗಿ ನೆಟ್ಟೆವು. ಫೋಟೋ ತೆಗೆದೆವು, ಅಪ್‌ಲೋಡ್ ಮಾಡಿದೆವು. ಆ ಫೋಟೋದಲ್ಲಿ ನಾನೂ ಸಲಿಕೆ ಹಿಡಿದು ನಿಂತಿದ್ದೇನೆ, ನಗುತ್ತ. ಇವತ್ತಿಗೆ ಅವುಗಳಲ್ಲಿ ಮೂರು ಉಳಿದಿವೆ. ಕಾಕಾ ಅವರ ಬಂಡಿಯ ಮೇಲೆ ಈಗ ನೀಲಿ ತಾಡಪತ್ರಿ. ಬೇಸಿಗೆಯಲ್ಲಿ ಅದರ ಕೆಳಗೆ ನಿಂತರೆ ಹೊರಗಿಗಿಂತ ಹೆಚ್ಚು ಸೆಕೆ. ಹನ್ನೆರಡರಿಂದ ನಾಲ್ಕರವರೆಗೆ ಅವರು ಕೆಲಸ ನಿಲ್ಲಿಸುತ್ತಾರೆ. ದಿನಕ್ಕೆ ನಾಲ್ಕು ತಾಸಿನ ದುಡಿಮೆ ಹೋಯಿತು. ಈ ನಷ್ಟ ನಾನು ತುಂಬಿದ ಅರ್ಜಿಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಮರ ಎಷ್ಟು, ಜಾತಿ ಯಾವುದು, ಸುತ್ತಳತೆ ಎಷ್ಟು ಅಂತ ಇತ್ತು. ನೆರಳಿನಲ್ಲಿ ಯಾರಿದ್ದಾರೆ ಅಂತ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮರ ಕಡಿಯಲೇ ಬಾರದು ಅನ್ನುವವಳು ನಾನಲ್ಲ. ಮಳೆಗಾಲದಲ್ಲಿ ಪುಣೆ, ಮುಂಬಯಿ ಎರಡರಲ್ಲೂ ಟೊಂಗೆ ಬಿದ್ದು ಜನ ಸತ್ತಿದ್ದಾರೆ. ಟೊಳ್ಳಾದ ಮರ, ಬೇರು ಸಡಿಲಾದ ಮರ ತೆಗೆಯಬೇಕು, ಕಾನೂನೂ ಅದಕ್ಕೆ ಅಡ್ಡ ಬರೋದಿಲ್ಲ. ಆದರೆ ಬೇರು ಸಡಿಲಾಗುವುದು ಯಾಕೆ ಅಂತಲೂ ನೋಡಬೇಕಲ್ಲ. ಬುಡದ ಸುತ್ತ ಕಾಂಡಕ್ಕೆ ತಾಗುವ ಹಾಗೆ ಪೇವರ್ ಬ್ಲಾಕ್, ಕಾಂಕ್ರೀಟು. ನೀರೂ ಇಳಿಯೋದಿಲ್ಲ, ಬೇರಿಗೆ ಉಸಿರೂ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಯ ಪ್ರಕರಣವೊಂದರಲ್ಲಿ ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟು ಇರಬಾರದು, ಇದ್ದರೆ ತೆಗೆಯಬೇಕು ಅಂತ ಆದೇಶ ಕೊಟ್ಟಿದೆ. ಇಂದು ಮನೆಗೆ ಹೋಗಿ ನಿಮ್ಮ ಸೊಸೈಟಿಯ ಮರದ ಬುಡ ನೋಡಿ. ಒಂದು ಮೀಟರ್ ಬಿಡಿ, ಒಂದು ಗೇಣು ಮಣ್ಣು ಕಂಡರೆ ನಿಮ್ಮ ಪುಣ್ಯ.

ದೊಡ್ಡ ಪ್ರಕರಣಗಳು ನಿಮಗೆಲ್ಲ ಗೊತ್ತಿವೆ. ಮುಂಬಯಿಯ ಆರೇ ಕಾಲೊನಿ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು, ಅದೇ ರಾತ್ರಿ ಮೆಟ್ರೋ ಕಾರ್ ಶೆಡ್ಡಿಗಾಗಿ ಗರಗಸ ಶುರುವಾಯಿತು. ಕಾನೂನು ವಿದ್ಯಾರ್ಥಿಗಳು ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟ್ 7ನೇ ತಾರೀಖು ತಡೆ ಕೊಟ್ಟಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಹೋಗಿದ್ದವು. ಅಲ್ಲಿನ ಒಂದು ವಾದ ಅದೇ ಹದಿನೈದು ದಿನದ್ದು. ನಾನು ಆ ಸುದ್ದಿ ನೋಡಿ 'ಛೇ, ಎಂಥ ಅನ್ಯಾಯ' ಅಂತ ವಾಟ್ಸಾಪಿನಲ್ಲಿ ಹಾಕಿದ್ದೆ. ಮೂರು ವರ್ಷಕ್ಕೆ ನಾನೇ ಫಾರ್ಮ್ ತುಂಬಿದೆ. ಎರಡು ಸಾವಿರ ಮರಕ್ಕೆ ಸಿಟ್ಟು ಬರುತ್ತದೆ, ಒಂದು ಮರಕ್ಕೆ ಪಾರ್ಕಿಂಗ್ ಕಾಣುತ್ತದೆ.

ನಮ್ಮ ಕಡೆಯದ್ದೂ ಹೇಳಬೇಕು. ಅಪ್ಪಿಕೋ ಚಳವಳಿ ಗೊತ್ತಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯ ಹೆಂಗಸರು, ಯುವಕರು ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಲ್ಲಿ ಕಡಿಯುತ್ತಿದ್ದದ್ದು ಕಳ್ಳರಲ್ಲ, ಸರಕಾರದ ಅನುಮತಿ ಇದ್ದವರು. ಆಮೇಲೆ ಸಾಲುಮರದ ತಿಮ್ಮಕ್ಕ. ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲದ ಮರ ಬೆಳೆಸಿದವರು. ಕಳೆದ ನವೆಂಬರ್‌ನಲ್ಲಿ, 2025ರಲ್ಲಿ, ತೀರಿಕೊಂಡರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಅವರದೇ ಮರಗಳು ಬಲಿಯಾಗುವ ಹಾಗಾಯಿತು. ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿಯವರನ್ನು ಕೇಳಿಕೊಂಡ ಮೇಲೆ ಸರಕಾರ ಮರ ಉಳಿಸುವ ದಾರಿ ಹುಡುಕಿತು. ಆ ಸುದ್ದಿ ಓದಿ ಎಲ್ಲರೂ ಖುಷಿಪಟ್ಟರು. ನನಗೆ ಈಗ ಅನ್ನಿಸುವುದೇ ಬೇರೆ. ಆ ಮರ ಉಳಿಸಿದ್ದು ತಿಮ್ಮಕ್ಕನ ಹೆಸರು. ಹುಬ್ಬಳ್ಳಿ-ಧಾರವಾಡದ ನಡುವೆ ಬಿಆರ್‌ಟಿಎಸ್ ರಸ್ತೆ ಅಗಲವಾದಾಗ ಎರಡೂ ಕಡೆಯ ಮರ ಹೋದವು, ಅವಕ್ಕೆ ಹೆಸರು ಹೇಳುವ ಅಜ್ಜಿ ಇರಲಿಲ್ಲ. ಆ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಓಡಾಡಿದವಳು ನಾನು. ಕಿಟಕಿಗೆ ಟೊಂಗೆ ತಾಗಿ ಎಲೆ ಒಳಗೆ ಬೀಳುತ್ತಿದ್ದವು.

ಊರಲ್ಲಿ ಪ್ಲಾಟು, ಹಳೆಯ ಮನೆ ಇರುವವರು ಇಲ್ಲಿ ಬಹಳ ಇದ್ದೀರಿ. ಫೋನಿನಲ್ಲೇ 'ಆ ಬೇವಿನ ಗಿಡ ತೆಗಿಸಿಬಿಡು, ಗೋಡೆ ಕಟ್ಟಿಸಬೇಕು' ಅಂತ ತಮ್ಮಂದಿರಿಗೆ ಹೇಳೋ ಮೊದಲು ನೆನಪಿಡಿ, ಕರ್ನಾಟಕದಲ್ಲೂ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಅಲ್ಲಿ ವೃಕ್ಷ ಅಧಿಕಾರಿ ಅರಣ್ಯ ಇಲಾಖೆಯವರು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಹೀಗೆ ಕೆಲವಕ್ಕೆ ವಿನಾಯಿತಿ ಇದೆ, ಬೇವಿಗೆ, ಹುಣಸೆಗೆ ಸುಮ್ಮನೆ ಇದೆ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ.

ಈಗ ಎರಡನೇ ಕಥೆ. ಚಿಕ್ಕದು.

2024ರಲ್ಲಿ ನಮ್ಮ ಏರಿಯಾದ ರಸ್ತೆ ಅಗಲ ಮಾಡಲು ಹನ್ನೊಂದು ಮರಕ್ಕೆ ನೋಟಿಸು ಬಂತು. ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಹೋದಾಗ ಕಂಡಿತು. ಈ ಸಲ ನಿಂತು ಪೂರ್ತಿ ಓದಿದೆ, ಫೋಟೋ ತೆಗೆದೆ. ಏಳು ದಿನದಲ್ಲಿ ಎರಡು ಆಗಲೇ ಹೋಗಿದ್ದವು. ಆ ರಾತ್ರಿ ಕೂತು ಆಕ್ಷೇಪಣೆ ಬರೆದೆ. ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿನ ಮರಾಠಿ, ಪಕ್ಕದ ಮನೆಯ ನಿವೃತ್ತ ಟೀಚರ್ ತಿದ್ದಿಕೊಟ್ಟರು. ಭಾವನೆ ಏನೂ ಬರೆಯಲಿಲ್ಲ. ಯಾವ ಮರ ಎಲ್ಲಿದೆ, ನಕ್ಷೆಯಲ್ಲಿ ರಸ್ತೆಯ ಅಂಚು ಎಲ್ಲಿ ಬರುತ್ತದೆ, ಯಾವ ನಾಲ್ಕು ಮರ ಫುಟ್‌ಪಾತ್ ಪಟ್ಟಿಯೊಳಗೇ ಉಳಿಯಬಹುದು, ಎರಡು ಆಲದ ಮರದ ವಯಸ್ಸು ಅರ್ಜಿಯಲ್ಲಿ ಹೇಳಿದ್ದಕ್ಕಿಂತ ಯಾಕೆ ಹೆಚ್ಚಿರಬೇಕು, ಅಷ್ಟೆ. ವಯಸ್ಸಿನ ಬಗ್ಗೆ ಬರೆಯುವಾಗ ಕೈ ಸ್ವಲ್ಪ ನಡುಗಿತು. ಸುಳ್ಳು ವಯಸ್ಸು ಹೇಗೆ ಬರೆಯುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಾಕ್ಷಿಗೆ ಯಾರನ್ನು ಕೇಳಲಿ? ಇಸ್ತ್ರಿ ಕಾಕಾ ಹತ್ತಿರ ಹೋದೆ. ಆ ಆಲದ ಮರಗಳ ಬಗ್ಗೆ ಅವರಿಗೆ ಗೊತ್ತಿದ್ದೇ ಗೊತ್ತಿತ್ತು. ಒಂದು ಮರದ ಬುಡದಲ್ಲಿ ಅವರ ಊರಿನ ಪಂಚಾಯತಿ ಕೂಡುತ್ತಿತ್ತಂತೆ. ಆಕ್ಷೇಪಣೆಯ ಕೆಳಗೆ ಹೆಬ್ಬೆಟ್ಟು ಒತ್ತಲು ಒಪ್ಪಿದರು. ಅಲ್ಲಿ ನಿಂತೇ ನಾನು ಹೇಳಿದೆ, 'ಕಾಕಾ, ಅವತ್ತು ಸರ್ವೆ ಅಂದೆನಲ್ಲ, ಅದು ಸರ್ವೆ ಅಲ್ಲ, ಕಡಿಯುವ ನೋಟಿಸು. ಅರ್ಜಿ ಹಾಕಿದವಳು ನಾನು.' ಅವರು ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳುತ್ತ, 'ಗೊತ್ತಿತ್ತು ತಾಈ, ವಾಚ್‌ಮನ್ ಹೇಳಿದ್ದ' ಅಂದರು. ಎರಡು ವರ್ಷದಿಂದ ಅದು ಗೊತ್ತಿದ್ದೂ ನಮ್ಮ ಮನೆಯ ಬಟ್ಟೆ ಅದೇ ಮಡಿಕೆ ಹಾಕಿ ಕೊಡುತ್ತಿದ್ದರು. ಹರಕತ್ ನಾಹೀ ಅಂತ ಮಾತ್ರ ಅವರು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ವಿಚಾರಣೆಗೆ ಕರೆದರು. ಅರ್ಧ ದಿನ ರಜೆ ಹಾಕಿ ಹೋದೆ. ಹನ್ನೊಂದು ಮರಕ್ಕೆ ಬಂದಿದ್ದ ಆಕ್ಷೇಪಣೆ ಒಟ್ಟು ಐದು. ಒಬ್ಬರು ಕವನ ಬರೆದು ತಂದಿದ್ದರು, ಓದಿ ಹೋದರು. ಒಬ್ಬ ಹುಡುಗ ಸಸ್ಯಶಾಸ್ತ್ರದ ವಿದ್ಯಾರ್ಥಿ, ಅವನ ಟಿಪ್ಪಣಿ ಬಹಳ ಕೆಲಸಕ್ಕೆ ಬಂತು. ಕೊನೆಗೆ ಆದದ್ದು ಇಷ್ಟು: ನಾಲ್ಕು ಮರ ಇದ್ದಲ್ಲೇ ಉಳಿದವು, ಅದರಲ್ಲಿ ಒಂದು ಆಲ. ಐದು ಕಡಿದರು. ಎರಡನ್ನು ಬೇರು ಸಮೇತ ಕಿತ್ತು ಬೇರೆ ಕಡೆ ನೆಟ್ಟರು, ಇನ್ನೊಂದು ಆಲ ಅದರಲ್ಲಿತ್ತು. ಟೊಂಗೆಯೆಲ್ಲ ಸವರಿ, ಬೋಳಾದ ಕಾಂಡವನ್ನು ಕ್ರೇನಿನಲ್ಲಿ ಎತ್ತಿ ಒಯ್ದದ್ದು ನೋಡಿದೆ. ಮೊದಲ ಮಳೆಗೆ ಆಲ ಚಿಗುರಿತು. ಜೊತೆಗೆ ಒಯ್ದ ಗುಲ್‌ಮೊಹರ್ ಒಣಗಿತು. ಸ್ಥಳಾಂತರ ಅಂದ ಕೂಡಲೇ ಮರ ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳುವವರಿಗೆ ಇದನ್ನು ಹೇಳುತ್ತೇನೆ. ಜಾತಿ ನೋಡಬೇಕು, ಬೇರಿನ ಉಂಡೆ ಎಷ್ಟು ದೊಡ್ಡದು ಬಿಟ್ಟಿದ್ದಾರೆ ನೋಡಬೇಕು, ಎರಡು ಬೇಸಿಗೆ ನೀರು ಹಾಕುವವರು ಯಾರು ಅಂತ ಕೇಳಬೇಕು.

ನಾಲ್ಕು ಉಳಿದದ್ದು ಗೆಲುವೋ, ಏಳು ಹೋದದ್ದು ಸೋಲೋ, ನನಗೆ ಇನ್ನೂ ಲೆಕ್ಕ ಸಿಕ್ಕಿಲ್ಲ. ಐದರ ಬದಲು ಐವತ್ತು ಆಕ್ಷೇಪಣೆ ಬಂದಿದ್ದರೆ ಏನಾಗುತ್ತಿತ್ತೋ. ಆ ರಸ್ತೆಯಲ್ಲಿ ನಮ್ಮ ಸಂಘದ ಮನೆಗಳೇ ಹದಿನಾಲ್ಕು ಇವೆ. ಆಮೇಲೆ ಕೇಳಿದೆ, ಎಲ್ಲರೂ ನೋಟಿಸು ನೋಡಿದ್ದರು. 'ನಾವು ಹೊರಗಿನವರು, ನಾವ್ಯಾಕೆ ಬಾಯಿ ಹಾಕೋದು' ಅಂದರು ಒಬ್ಬ ಹಿರಿಯರು. ಮೂವತ್ತೆರಡು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದಾರೆ, ಮೊಮ್ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಹೊರಗಿನವರು ಅಂತ ನಾವು ಹೇಳಿಕೊಳ್ಳುವುದು ಆಕ್ಷೇಪಣೆ ಹಾಕುವಾಗ ಮಾತ್ರ. ಪಾರ್ಕಿಂಗ್ ಕೇಳುವಾಗ ನಾವೆಲ್ಲ ಪಕ್ಕಾ ಪುಣೇಕರರೇ.

ಅತ್ತೆಗೆ ಫೋನ್ ಮಾಡಿ ಈ ನಾಲ್ಕು ಮರದ ಕಥೆ ಹೇಳಿದ್ದೆ. 'ಕಟ್ಟಿ ಅದನ ಅಲ್ಲೆ?' ಅಂತ ಕೇಳಿದರು. ಇಲ್ಲ ಅತ್ತೆ, ರಸ್ತೆ ಬದಿ, ಕೂಡಲಿಕ್ಕೆ ಆಗೋದಿಲ್ಲ ಅಂದೆ. 'ಇರ್ಲಿ, ನಿಂದರಲಿಕ್ಕರೆ ಆಗ್ತದಲ್ಲ' ಅಂದರು. ಬರುವ ದೀಪಾವಳಿಗೆ ಬರ್ತೀನಿ ಅಂದಿದ್ದಾರೆ.

ನನ್ನ ಸಮಯ ಮುಗೀತು ಅಂತ ಅಕ್ಕ ಗಡಿಯಾರ ತೋರಿಸ್ತಿದ್ದಾರೆ. ಒಂದೇ ನಿಮಿಷ. ಇವತ್ತು ಈ ಹಾಲ್‌ಗೆ ಬರುವಾಗ ಹಿಂದಿನ ಓಣಿಯ ತಿರುವಿನಲ್ಲಿ ಮೂರು ಮಳೆಮರ ಇವೆಯಲ್ಲ, ನಮ್ಮ ಸಂಘದ ರಾಜ್ಯೋತ್ಸವಕ್ಕೆ ಶಾಮಿಯಾನದ ಹಗ್ಗ ಕಟ್ಟುವ ಮರಗಳು, ಅವಕ್ಕೆ ಪ್ಲಾಸ್ಟಿಕ್ ಕವರಿನ ಕಾಗದ ಬಂದಿದೆ. ಯಾರು ನೋಡಿದಿರಿ, ಕೈ ಎತ್ತಿ. ಸರಿ, ಆರು ಜನ. ಕಾಗದದ ತಾರೀಖು ಮೊನ್ನೆಯದು, ಅಂದರೆ ಇನ್ನೂ ಐದು ದಿನ ಇದೆ. ಕಾರಣ 'ಅಪಾಯಕಾರಿ' ಅಂತ ಇದೆ. ನಿಜವಾಗಿಯೂ ಅಪಾಯ ಇರಬಹುದು, ನನಗೆ ಗೊತ್ತಿಲ್ಲ. ಚಹಾ ಆದ ಮೇಲೆ ಹತ್ತು ನಿಮಿಷ ಎಲ್ಲರೂ ಹೋಗಿ ನೋಡೋಣ. ಟೇಪ್ ತಂದಿದ್ದೇನೆ. ಆಕ್ಷೇಪಣೆಯ ನಮೂನೆ ಮರಾಠಿಯಲ್ಲಿ ಮೂವತ್ತು ಪ್ರತಿ ಇದೆ, ಪೆನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ.